ಮಿತ್ರರಾಷ್ಟ್ರಗಳ ತೈಲಭದ್ರತೆ

ಸ್ವಂತ ನೆಲದಲ್ಲಿ ಸಾಕಷ್ಟು ದೊರೆಯದ ತೈಲವನ್ನು ಹೊರನಾಡುಗಳಿಂದ ತರಿಸಿಕೊಂಡು ಕೈಗಾರಿಕೆ, ಸಾರಿಗೆ, ಸೈನ್ಯಗಳನ್ನು ನಡೆಸಬೇಕಾದ ರಾಷ್ಟ್ರಗಳು, ಸರಬರಾಜು ಹಠಾತ್ತನೆ ನಿಂತ ಪಕ್ಷದಲ್ಲಿ ಪರಸ್ಪರ ನೆರವಿನಿಂದ ಸಂಕಟವನ್ನು ದಾಟಲೆಂದು ಏರ್ಪಡಿಸಿಕೊಂಡ ಸಾಮೂಹಿಕ ವ್ಯವಸ್ಥೆ. ಇದರ ಮುಖ್ಯ ಅಂಗ 1974ರ ನವೆಂಬರಿನಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ.

1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆಯುತ್ತಿರುವಾಗಲೇ ಅರಬ್ ತೈಲರಾಷ್ಟ್ರಗಳು ಉತ್ಪಾದನೆಯನ್ನು ಕುಗ್ಗಿಸಿ, ಇಸ್ರೇಲಿನ ಪಕ್ಷ ವಹಿಸಿದವೆಂದು ಅಮೆರಿಕ, ನೆದರ್ಲೆಂಡ್ಸ್ ಮೊದಲಾದ ದೇಶಗಳಿಗೆ ತೈಲ ಸಾಗಣೆಯನ್ನು ನಿಲ್ಲಿಸಿದವು. ಪೀಪಾಯಿಗೆ ಸುಮಾರು 3 ಡಾಲರಿದ್ದ ಬೆಲೆ 1974ರ ಜನವರಿಯ ಹೊತ್ತಿಗೆ 12 ಡಾಲರನ್ನು ಸಮೀಪಿಸಿತು. 1973ರ ನವೆಂಬರ್ 4ರಿಂದ ನೆದರ್ಲೆಂಡ್ಸಿನಲ್ಲಿ ಭಾನುವಾರಗಳಂದು ಖಾಸಗಿ ಮೋಟಾರು ಸಂಚಾರ ನಿಷಿದ್ಧವಾಗಲು, ಬರಿದಾದ ಹೆದ್ದಾರಿಗಳಲ್ಲಿ ಜನರು ಸೈಕಲ್ ತುಳಿದರು. ಆದರೆ ತೈಲದ ಅಭಾವಕ್ಕಿಂತ ಹೆಚ್ಚಾಗಿ ಆ ಚಳಿಗಾಲ ಬಯಲುಮಾಡಿದ್ದು ಮೈತ್ರಿಯ ದೌರ್ಬಲ್ಯವನ್ನು: ಅರಬರ ಸೌಹಾರ್ದಕ್ಕೆ ಪಾತ್ರವಾಗಿದ್ದ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು, ನಿರ್ಬಂಧಕ್ಕೊಳಗಾದ ನೆರೆಯ ಡಚ್ಚರೊಡನೆ ತಮ್ಮ ಪಾಲನ್ನು ಬಹಿರಂಗವಾಗಿ ಹಂಚಿಕೊಳ್ಳಲು ಹಿಂಜರಿದವು.

1974ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರರ ಪ್ರೇರಣೆಯಿಂದ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನವು ಈ ಲೋಪವನ್ನು ಸರಿಪಡಿಸುವ ಮೊದಲ ಯತ್ನ. ಫ್ರಾನ್ಸಿನ ವಿದೇಶಾಂಗ ಮಂತ್ರಿ ಮಿಶೆಲ್ ಜೋಬೇರ್ ಇದನ್ನು ಪ್ರಬಲವಾಗಿ ವಿರೋಧಿಸಿದರು. ಈ ಯತ್ನದ ಫಲವಾಗಿ ತನ್ನ ರಾಜಧಾನಿಯಲ್ಲಿಯೇ ನೆಲೆಗೊಂಡ ಸಂಸ್ಥೆಯನ್ನು ಫ್ರಾನ್ಸ್ ಸೇರಿದ್ದು 1992ರಲ್ಲಿ.

ತನ್ನ ನಿವ್ವಳ ಆಮದಿನ 90 ದಿನಗಳ ಪ್ರಮಾಣಕ್ಕೆ ಸಮನಾದ ತೈಲವನ್ನು ಸಂಗ್ರಹಿಸಿಡುವುದು ಆಮದು ಮಾಡಿಕೊಳ್ಳುವ ಪ್ರತಿಯೊಂದು ಸದಸ್ಯರಾಷ್ಟ್ರದ ಕರ್ತವ್ಯ. ಅಮೆರಿಕವು 1975ರ ಶಾಸನಾನುಸಾರ ಟೆಕ್ಸಾಸ್ ಮತ್ತು ಲೂಸಿಯಾನಾಗಳ ಭೂಗರ್ಭದ ಉಪ್ಪಿನ ಗುಮ್ಮಟಗಳನ್ನು ಇದಕ್ಕೆ ಬಳಸಿಕೊಂಡಿತು. ನೀರನ್ನು ಹಾಯಿಸಿ ಉಪ್ಪನ್ನು ಕರಗಿಸಿದರೆ ವಿಶಾಲವಾದ ಗುಹೆಯುಂಟಾಗುತ್ತದೆ. ಅದರಲ್ಲಿ ತುಂಬಿಟ್ಟ ಕಚ್ಚಾತೈಲವನ್ನು ಹೊರತೆಗೆಯಬೇಕಾದಾಗ ತಳಕ್ಕೆ ನೀರನ್ನೊತ್ತಿದರಾಯಿತು, ನೀರಿಗಿಂತ ಹಗುರವಾದ ತೈಲ ತಾನಾಗಿ ಮೇಲಕ್ಕೆ ಬರುತ್ತದೆ.

ಸರಬರಾಜು ಶೇಕಡಾ 7ರಷ್ಟು ಕುಸಿದಲ್ಲಿ ಉಳಿದುದನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬುದು ಮೂಲ ಒಪ್ಪಂದದ ತಿರುಳು. ಸಂಸ್ಥೆಯ ನಿಜವಾದ ಬಲ ಮಾತ್ರ ಸಂಗ್ರಹವನ್ನು ಏಕಕಾಲಕ್ಕೆ ಮಾರುಕಟ್ಟೆಗೆ ಬಿಡುವುದರಲ್ಲಿ ವ್ಯಕ್ತವಾಗಿದೆ: 1991ರ ಕೊಲ್ಲಿ ಯುದ್ಧ, 2005ರ ಕತ್ರಿನಾ ಚಂಡಮಾರುತ, 2011ರ ಲಿಬಿಯಾದ ಅಂತರ್ಯುದ್ಧಗಳ ಸಂದರ್ಭದಲ್ಲಿ ಹೀಗಾಯಿತು, ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿದ 2022ರಲ್ಲಿ ಎರಡು ಬಾರಿ ಸೇರಿ 18 ಕೋಟಿಗೂ ಮಿಕ್ಕ ಪೀಪಾಯಿಗಳ ಬಿಡುಗಡೆ ನಿರ್ಧಾರವಾಯಿತು. ಆದರೆ ಕೊಳವೆಮಾರ್ಗದ ಅನಿಲಕ್ಕೆ ಇಂಥ ಸಾಮೂಹಿಕ ಕವಚ ಇರಲಿಲ್ಲವಾದ್ದರಿಂದ, ರಷ್ಯದ ಅನಿಲವನ್ನೇ ಬಹುವಾಗಿ ನೆಚ್ಚಿದ್ದ ಜರ್ಮನಿಯು ಅದೇ ವರ್ಷ ತೀವ್ರ ಸಂಕಟಕ್ಕೊಳಗಾಯಿತು. ಒಂದೇ ಮಾರಾಟಗಾರನ ಅಗ್ಗದ ಸರಕು ಒಡಂಬಡಿಕೆಯ ಸ್ಥಾನವನ್ನು ತುಂಬಲಾರದು.

ಭಾರತವು 2017ರಿಂದ ಈ ಸಂಸ್ಥೆಯ ಸಹವರ್ತಿ ರಾಷ್ಟ್ರವಾಗಿದ್ದರೂ ಪೂರ್ಣ ಸದಸ್ಯನಲ್ಲ. ಅದರ ತುರ್ತು ಕಚ್ಚಾತೈಲವನ್ನು ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರುಗಳಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ ಇರಿಸಲಾಗುತ್ತದೆ, ಒಟ್ಟು 53.3 ಲಕ್ಷ ಟನ್ನುಗಳ ಧಾರಣಶಕ್ತಿಯಲ್ಲಿ 40 ಲಕ್ಷ ಟನ್ನು ಕರ್ನಾಟಕದ ಕರಾವಳಿಯದು.