ಧಾರವಾಡ ಶಾಲಾ ಪ್ರವೇಶ ಪ್ರಕರಣ (1856)

ಸರ್ಕಾರಿ ಶಾಲೆ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಆಳುವವರ ಮುಂದೆ ನೇರವಾಗಿ ಇಟ್ಟ ಪ್ರಕರಣ. ಧಾರವಾಡದ ಸರ್ಕಾರಿ ಶಾಲೆ, ಅಸ್ಪೃಶ್ಯವೆಂದು ಎಣಿಸಲಾಗಿದ್ದ ಮಹಾರ್ ಜಾತಿಯ ಬಾಲಕನೊಬ್ಬನನ್ನು ಸೇರಿಸಿಕೊಳ್ಳಲಿಲ್ಲ; 1856ರ ಜೂನ್‌ನಲ್ಲಿ ಅವನ ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ನ್ಯಾಯ ಬಾಲಕನ ಕಡೆಗಿದೆಯೆಂದು ಜುಲೈ ತಿಂಗಳ ನಿರ್ಣಯದಲ್ಲಿ ಸರ್ಕಾರವೇ ಒಪ್ಪಿತು. ಆದರೂ, ಒಬ್ಬನಿಗಾಗಿ ಬಲವಂತ ಮಾಡಿದರೆ ಶಾಲೆ ಉಳಿದವರ ಉಪಯೋಗಕ್ಕೆ ಬಾರದಂತಾದೀತೆಂದು ಅವನನ್ನು ಹೊರಗೇ ಉಳಿಸಿತು. ಹಕ್ಕನ್ನು ಒಪ್ಪಿಕೊಂಡೇ ನಿರಾಕರಿಸಿದ್ದು ಇದರ ಘೋರ ಅನ್ಯಾಯ. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ, ಸರ್ಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಸ್ಪಷ್ಟಪಡಿಸಿತು. 1882ರಲ್ಲಿ ನೇಮಕಗೊಂಡ ಹಂಟರ್ ಶಿಕ್ಷಣ ಆಯೋಗ ಈ ತತ್ತ್ವವನ್ನು ಎತ್ತಿಹಿಡಿದರೂ, ಜಾರಿಯಲ್ಲಿ ಎಚ್ಚರಿಕೆ ಬೇಕೆಂದು ಹೇಳಿ ಇಂಥ ಜಾತಿಗಳ ಮಕ್ಕಳ ಪ್ರತ್ಯೇಕ ಶಾಲೆಗಳಿಗೆ ಪ್ರೋತ್ಸಾಹ ನೀಡಲು ಸೂಚಿಸಿತು.