25 ಮೈಕ್ರೊಗ್ರಾಂ, 24 ತಾಸು

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ನಡೆದ ಒಂದು ಪ್ರಯೋಗವನ್ನು ಇಂದಿಗೂ ಜಗತ್ತಿನ ಹೆರಿಗೆ ತಜ್ಞರು ಉದಾಹರಿಸುತ್ತಾರೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ. ಎಸ್. ಕೊಡ್ಕಣಿ, ಎಸ್. ಎಸ್. ಗೌಡರ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ತಂಡ 1,620 ಹೆಂಗಸರನ್ನು ಅದರಲ್ಲಿ ಸೇರಿಸಿಕೊಂಡಿತ್ತು. ಮಗು ಹುಟ್ಟಿದ ಕೂಡಲೇ ಹಳ್ಳಿಯ ಎಎನ್‌ಎಂ ಸಿಸ್ಟರ್ ಬಾಣಂತಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ವಿಪರೀತ ರಕ್ತಸ್ರಾವವಾಗುವವರ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯುತ್ತದೆ ಎಂದು 2006ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ದಿನ ತುಂಬಿಯೂ ನೋವು ಬಾರದ ಬಸುರಿಗೆ ನೋವು ಬರಿಸಲು ಬಳಸುವುದೂ ಇದೇ ಔಷಧವನ್ನೇ. ಆದರೆ ಆಗ ಪ್ರಮಾಣ 25 ಮೈಕ್ರೊಗ್ರಾಂ, ಅಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಮಗು ಹೊರಬಂದ ಮೇಲೆ ಗರ್ಭಕೋಶ ಎಷ್ಟು ಬಿಗಿಯಾದರೂ ಒಳಿತೇ. ಮಗು ಒಳಗಿರುವಾಗ ಒಂದೊಂದು ಬಿಗಿತಕ್ಕೂ ಮಾಸಿನ ಕಡೆಗೆ ಹರಿಯುವ ರಕ್ತ ಕುಗ್ಗುತ್ತದೆ. ನಡುವೆ ಬಿಡುವು ಸಿಗದಿದ್ದರೆ ಮಗು ಸೋಲುತ್ತದೆ. ನೋವು ಬರಿಸುವ ವಿದ್ಯೆ ನೂರು ವರ್ಷಗಳಲ್ಲಿ ಬೆಳೆದದ್ದು ಹೆಚ್ಚು ಬಲದ ಔಷಧ ಸಿಕ್ಕಿದ್ದರಿಂದಲ್ಲ, ಇದ್ದ ಔಷಧವನ್ನು ಕಡಿಮೆ ಕೊಟ್ಟು ಹೆಚ್ಚು ಹೊತ್ತು ಕಾಯಲು ವೈದ್ಯರು ಕಲಿತದ್ದರಿಂದ ಎಂಬುದು ನನ್ನ ವಾದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ತಾಲ್ಲೂಕುಗಳಲ್ಲಿ ಕಷ್ಟವಿರುವುದೂ ಈ ಕಾಯುವಿಕೆಯಲ್ಲೇ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಬೇಕೆಂದೇ ನೀರು ಒಡೆಸಿ ಹೆರಿಗೆ ಮಾಡಿಸುತ್ತಿದ್ದರು. ಆಮೇಲೆ ರಬ್ಬರಿನ ಚೀಲಗಳು ಬಂದವು. 1906ರಲ್ಲಿ ಹೆನ್ರಿ ಡೇಲ್ ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಹಿಂಡುವ ಗುಣವಿದೆ ಎಂದು ಕಂಡ ಕೆಲವೇ ವರ್ಷಗಳಲ್ಲಿ ಅದು ಹೆರಿಗೆ ಕೋಣೆಗೆ ಬಂತು. ಬಂದದ್ದು ಸೂಜಿಯ ಮೂಲಕ, ಒಂದೇ ಏಟಿಗೆ. ಗರ್ಭಕೋಶ ಹರಿದವು, ಶಿಶುಗಳು ಸತ್ತವು. ತಿರುವು ಸಿಕ್ಕಿದ್ದು 1948ರಲ್ಲಿ, ಬ್ರಿಟನ್ನಿನ ಜೆಫ್ರಿ ಥಿಯೊಬಾಲ್ಡ್ ಅದೇ ಸಾರವನ್ನು ತೀರ ತೆಳ್ಳಗೆ ಮಾಡಿ ಸಲೈನಿನಲ್ಲಿ ಹನಿಹನಿಯಾಗಿ ಬಿಟ್ಟಾಗ. ಔಷಧ ಹಳೆಯದೇ, ಕೊಡುವ ರೀತಿ ಮಾತ್ರ ಬೇರೆ. 1953ರಲ್ಲಿ ವಿನ್ಸೆಂಟ್ ಡು ವಿನ್ಯೊ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಎರಡು ವರ್ಷದ ಮೇಲೆ ಅವರಿಗೆ ನೊಬೆಲ್ ಬಂತು. 1964ರಲ್ಲಿ ಎಡ್ವರ್ಡ್ ಬಿಷಪ್ ಎಂಬ ಅಮೆರಿಕದ ವೈದ್ಯರು ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆಳುವಾಗಿದೆ, ಎಷ್ಟು ತೆರೆದಿದೆ, ಯಾವ ದಿಕ್ಕಿಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ಅಂಕ ಕೊಡುವ ಪದ್ಧತಿ ತಂದರು. ಯಂತ್ರವಿಲ್ಲ, ಖರ್ಚಿಲ್ಲ, ಬೆರಳಿನ ಪರೀಕ್ಷೆ ಅಷ್ಟೇ. ಆದರೂ ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ ಇದೇ ಎಂದು ನನಗನಿಸುತ್ತದೆ. ಬಾಯಿ ಹಣ್ಣಾಗದೆ ನೋವು ಬರಿಸಿ ಫಲವಿಲ್ಲ ಎಂಬುದು ಅಲ್ಲಿಂದ ಲೆಕ್ಕಕ್ಕೆ ಸಿಕ್ಕಿತು. 1960ರ ದಶಕದ ಕೊನೆಗೆ ಉಗಾಂಡಾದಲ್ಲಿ ಸುಲ್ತಾನ್ ಕರೀಮ್ ಪ್ರೊಸ್ಟಗ್ಲಾಂಡಿನ್ ಬಳಸಿದರು. ಈಗ ನಮ್ಮಲ್ಲಿ 'ಜೆಲ್ ಹಾಕುವುದು' ಎನ್ನುವುದು ಆ ವಂಶದ್ದೇ. ಹೊಟ್ಟೆಹುಣ್ಣಿಗೆಂದು ಹುಟ್ಟಿದ ಮಿಸೊಪ್ರೊಸ್ಟಾಲ್ 1990ರ ದಶಕದಲ್ಲಿ ಈ ಸಾಲಿಗೆ ಸೇರಿತು. ಮೊದಮೊದಲು 200 ಮೈಕ್ರೊಗ್ರಾಮಿನ ಮಾತ್ರೆಯನ್ನು ಬ್ಲೇಡಿನಿಂದ ಚೂರು ಮಾಡಿ ಕೊಡುತ್ತಿದ್ದರು. ಚೂರು ಹೆಚ್ಚುಕಡಿಮೆಯಾದರೆ ಅಪಾಯ. 25ರ ಮಾತ್ರೆಯೇ ಬಂದ ಮೇಲೆ ಆ ಭಯ ತಗ್ಗಿತು.

ಹಾಗಾದರೆ ನೋವು ಬರಿಸಿಕೊಳ್ಳಲು ದಾಖಲಾಗುವವಳು ಏನನ್ನು ನಿರೀಕ್ಷಿಸಬೇಕು? ಮೊದಲಿಗೆ ಒಳಪರೀಕ್ಷೆ, ಮಗುವಿನ ಎದೆಬಡಿತ ಕೇಳುವುದು, ಬಿಪಿ ನೋಡುವುದು. ಬಾಯಿ ಇನ್ನೂ ಗಟ್ಟಿಯಿದ್ದರೆ ಅದನ್ನು ಹಣ್ಣು ಮಾಡಲು ಜೆಲ್, ಅಥವಾ ಎರಡು ತಾಸಿಗೊಮ್ಮೆ 25 ಮೈಕ್ರೊಗ್ರಾಮಿನ ಮಾತ್ರೆ, ಅಥವಾ ಫೋಲಿ ಬಲೂನು. ಮೂತ್ರಕ್ಕೆ ಹಾಕುವ ಆ ನಳಿಕೆಯನ್ನೇ ಗರ್ಭಕೋಶದ ಬಾಯಿಯೊಳಗೆ ತೂರಿಸಿ, ತುದಿಯ ಬಲೂನಿಗೆ ನೀರು ತುಂಬಿ ಬಿಡುತ್ತಾರೆ. ಬಾಯಿ ಸಡಿಲವಾದ ಮೇಲೆ ನೀರು ಒಡೆಸುವುದು, ಆಕ್ಸಿಟೋಸಿನ್ ಹಾಕಿದ ಸಲೈನ್ ಹಚ್ಚಿ ಹನಿಗಳನ್ನು ಮೆಲ್ಲಗೆ ಏರಿಸುವುದು. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬಂದರೆ ಹನಿ ತಗ್ಗಿಸಬೇಕು, ಇಲ್ಲವೇ ನಿಲ್ಲಿಸಬೇಕು. ಇದಕ್ಕೆಲ್ಲ ಹಿಡಿಯುವ ಹೊತ್ತಿನ ಬಗ್ಗೆ ಮನೆಯವರಿಗೆ ಮೊದಲೇ ಯಾರೂ ಸರಿಯಾಗಿ ಹೇಳುವುದಿಲ್ಲ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಏರಿದ 602 ಬಸುರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ: 24 ತಾಸಿನೊಳಗೆ ಸಹಜ ಹೆರಿಗೆಯಾದದ್ದು ಮಾತ್ರೆ ನುಂಗಿದವರಲ್ಲಿ ಶೇ. 57, ಬಲೂನು ಹಾಕಿಸಿಕೊಂಡವರಲ್ಲಿ ಶೇ. 47. ಉಳಿದವರಿಗೆ ಇನ್ನೂ ಹೊತ್ತು ಬೇಕಾಯಿತು, ಇಲ್ಲವೇ ಸಿಜೇರಿಯನ್ ಆಯಿತು. ಮುಂಜಾನೆ ಸೇರಿಸಿ ಸಂಜೆಗೆ ಪೇಢೆ ಹಂಚುವ ಲೆಕ್ಕ, ಅದರಲ್ಲೂ ಚೊಚ್ಚಲಿಗೆ, ಎಷ್ಟೋ ಸಲ ತಪ್ಪುತ್ತದೆ. ಆ ಲೆಕ್ಕ ತಪ್ಪಿದಾಗ ಹುಟ್ಟುವ ಆತಂಕವೇ 'ಏನಾರ ಮಾಡ್ರಿ ಡಾಕ್ಟ್ರ' ಎಂಬ ಒತ್ತಡವಾಗಿ, ಒತ್ತಡ ಆಪರೇಷನ್ ಆಗಿ ಮುಗಿಯುತ್ತದೆ.

ನೋವು ಬರಿಸಲು ಹೋದರೆ ಸಿಜೇರಿಯನ್ ಖಚಿತ ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಗಟ್ಟಿಯಾಗಿ ನಿಂತಿದೆ. ಪುರಾವೆ ಬೇರೆಯೇ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅರೈವ್ ಅಧ್ಯಯನದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರಿದ್ದರು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಜೇರಿಯನ್ ಶೇ. 18.6, ಕಾದವರಲ್ಲಿ ಶೇ. 22.2. ಸುಮ್ಮನೆ ಕಾಯುವುದಕ್ಕೂ ಬೆಲೆಯಿದೆ: ಸ್ವೀಡನ್ನಿನ ಒಂದು ಪ್ರಯೋಗದಲ್ಲಿ 42 ವಾರದವರೆಗೆ ಕಾಯಿಸಿದ ಗುಂಪಿನಲ್ಲಿ ಆರು ಶಿಶುಗಳು ಸತ್ತು, 41ಕ್ಕೆ ನೋವು ಬರಿಸಿದ ಗುಂಪಿನಲ್ಲಿ ಒಂದೂ ಸಾಯದ ಕಾರಣ ಪ್ರಯೋಗವನ್ನೇ ನಡುವೆ ನಿಲ್ಲಿಸಿದರು. ಆದರೆ ಜನರ ಅನುಭವವೂ ಸುಳ್ಳಲ್ಲ. ಅರೈವ್ ಅಧ್ಯಯನದ ಹೆಂಗಸರಿಗೆ ಮೊದಲ ತಿಂಗಳುಗಳ ಸ್ಕ್ಯಾನಿನಿಂದ ದಿನ ಗೊತ್ತಿತ್ತು. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಕೊಡಲಾಗುತ್ತಿತ್ತು. ಕಾಯದೆಯೇ ಆರೇಳು ತಾಸಿಗೆ 'ಆಗಲಿಲ್ಲ' ಎಂದು ತೀರ್ಮಾನಿಸುವ ಕಡೆ ಆ ಅಂಕಿ ಸಲ್ಲುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್ ಶೇ. 14.3 ಇದ್ದರೆ ಖಾಸಗಿಯಲ್ಲಿ ಶೇ. 47.4. ಇಷ್ಟೊಂದು ಅಂತರವನ್ನು ಬಸುರಿಯರ ದೇಹಸ್ಥಿತಿಯೊಂದರಿಂದಲೇ ವಿವರಿಸಲಾಗದು.

ಹಾಗಿದ್ದರೆ ಎಲ್ಲರಿಗೂ 39ಕ್ಕೇ ನೋವು ಬರಿಸಬಾರದೇಕೆ ಎಂದು ಇನ್ನೊಂದು ಕಡೆಯಿಂದ ಪ್ರಶ್ನೆ ಬರುತ್ತದೆ. ತೊಂದರೆಯಿಲ್ಲದ ಬಸುರಿಗೆ 41 ವಾರ ತುಂಬುವ ಮುಂಚೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಏರಿಕೆ, ನೀರು ಒಡೆದೂ ನೋವು ಬಾರದಿರುವುದು, ಮಗು ಬೆಳೆಯದಿರುವುದು ಇಂಥವಕ್ಕೆ ಲೆಕ್ಕ ಬೇರೆ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಈ ಎಚ್ಚರ ಸರಿಯೆನ್ನಲು ಒಂದು ಸ್ಥಳೀಯ ಕಾರಣವಿದೆ. ಕೊನೆಯ ಮುಟ್ಟು 'ಎಳ್ಳ ಅಮಾಸಿ ಮುಂದ' ಆಗಿತ್ತು ಎಂಬಷ್ಟೇ ನೆನಪಿದ್ದರೆ ವಾರದ ಲೆಕ್ಕ ಎರಡು ವಾರ ಆಚೀಚೆಯಾಗಬಲ್ಲದು. ಚೊಚ್ಚಲಿಗೆ ತವರಿಗೆ ಬರುವ ರೂಢಿ ಬೇರೆ. ಗಂಡನ ಮನೆ ರಾಮದುರ್ಗದಲ್ಲಿ, ಹೆರಿಗೆ ಬೈಲಹೊಂಗಲದಲ್ಲಿ. ತಾಯಿ ಕಾರ್ಡ್ ಚೀಲದಲ್ಲಿದ್ದರೂ ಮೂರನೇ ತಿಂಗಳ ಸ್ಕ್ಯಾನ್ ರಿಪೋರ್ಟು ಅತ್ತೆಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ. ದಿನ ತುಂಬದ ಮಗುವನ್ನು ದಿನ ತುಂಬಿತೆಂದು ಹೊರತರುವ ಅಪಾಯ ಇಲ್ಲಿಂದ ಹುಟ್ಟುತ್ತದೆ. ಅಮಾವಾಸ್ಯೆಗೆ ಮುಂಚೆ ಹೆರಿಗೆ ಮುಗಿಸಿರೆಂಬ ಕೋರಿಕೆಯಂತೂ ವೈದ್ಯಕೀಯ ಕಾರಣವೇ ಅಲ್ಲ.

ಔಷಧದ ಮೇಲೆಯೇ ಕಡಿವಾಣ ಹಾಕಿದರೆ ಸಾಲದೆ? ಹಾಗೊಂದು ಪ್ರಯತ್ನ ನಡೆದಿದೆ. ಹಾಲು ಇಳಿಸಲು ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚುವ ದುರ್ಬಳಕೆ ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ದೇಶದ ಬಳಕೆಗೆ ಅದರ ತಯಾರಿಕೆಯನ್ನು ಖಾಸಗಿಯವರಿಂದ ತೆಗೆದು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿಯೊಂದಕ್ಕೇ ಒಪ್ಪಿಸಲು ಹೊರಟಿತು. ಬಾಣಂತಿಯರ ಜೀವ ಉಳಿಸುವ ಔಷಧ ಸಿಗದೆ ಹೋದೀತೆಂಬ ಆಕ್ಷೇಪ ಎದ್ದು, ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಕೋರ್ಟು ಮಾಡಿದ್ದು ಸರಿ. ಸೀಸೆಗೆ ಬೀಗ ಹಾಕಿದರೂ ಹನಿ ಎಣಿಸುವವರು ಬೇಕೇ ಬೇಕು. ಹೆರಿಗೆಗೆ ಮುಂಚೆ ಸ್ನಾಯುವಿಗೆ ಚುಚ್ಚುವ 'ನೋವಿನ ಇಂಜೆಕ್ಷನ್' ಅಪಾಯವಾಗುವುದು ಚುಚ್ಚಿದ್ದನ್ನು ಮತ್ತೆ ನಿಲ್ಲಿಸಲಾಗದು ಎಂಬ ಕಾರಣಕ್ಕೆ. ಸಲೈನಾದರೆ ತಿರುಪು ತಿರುಗಿಸಬಹುದು.

ಕಾವಲು ಕೆಲಸ ಮಾಡಿತೇ ಎಂದು ನೋಡಿದ ಪ್ರಯೋಗವೂ ಇದೆ. ನೋವಿನ ಪ್ರಗತಿ ದಾಖಲಿಸಲು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೊಸ ಪಟ್ಟಿಯನ್ನು ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಬೆಳಗಾವಿಯ ಸಂಶೋಧಕರು ಅದರಲ್ಲಿ ಮುಂದಿದ್ದರು. 2024ರಲ್ಲಿ ಬಂದ ಫಲಿತಾಂಶದಂತೆ, ತಾನಾಗಿ ನೋವು ಬಂದ ಚೊಚ್ಚಲ ಬಸುರಿಯರಲ್ಲಿ ಸಿಜೇರಿಯನ್ ಶೇ. 45.2ರಿಂದ ಶೇ. 39.7ಕ್ಕೆ ಇಳಿದಿತ್ತು. ಇಳಿಕೆ ಕಾಕತಾಳೀಯವಲ್ಲ ಎನ್ನುವಷ್ಟು ಬಲ ಆ ಅಂಕಿಗಿರಲಿಲ್ಲ, ನೋವು ಬರಿಸಿದವರ ಲೆಕ್ಕವೂ ಅದಲ್ಲ. ದಿಕ್ಕು ಮಾತ್ರ ಕಾಣುತ್ತದೆ.

ನಾಲ್ಕು ತಾಲ್ಲೂಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲೂ ಬಾರದು. ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಮಗುವಿನ ಎದೆಬಡಿತ ಇಳಿದರೆ 108 ವಾಹನ ಧಾರವಾಡಕ್ಕೋ ಬೆಳಗಾವಿಗೋ ಬೇಗ ಮುಟ್ಟುತ್ತದೆ. ಸವದತ್ತಿಯವರು ಧಾರವಾಡದ ದಾರಿ ಹಿಡಿಯಬೇಕು. ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ರಾಮದುರ್ಗಕ್ಕೆ ಬೆಳಗಾವಿ ಸುಮಾರು ನೂರು ಕಿಲೋಮೀಟರ್ ದೂರ. ರಾತ್ರಿ ಅರಿವಳಿಕೆ ವೈದ್ಯರಿಲ್ಲದ ಆಸ್ಪತ್ರೆಯಲ್ಲಿ ಸಂಜೆ ಸಲೈನ್ ಹಚ್ಚುವುದಕ್ಕೂ ಬಲೂನು ಹಾಕಿ ಮುಂಜಾನೆಗೆ ಕಾಯುವುದಕ್ಕೂ ಅಪಾಯದಲ್ಲಿ ದೊಡ್ಡ ಅಂತರವಿದೆ. ಬಲೂನಿನಿಂದ ಗರ್ಭಕೋಶ ಅತಿಯಾಗಿ ಬಿಗಿಯುವುದು ವಿರಳ, ಅದಕ್ಕೆ ಫ್ರಿಜ್ ಕೂಡ ಬೇಡ. ಜೆಲ್ಲಿಗೂ ಆಕ್ಸಿಟೋಸಿನ್ನಿಗೂ ಬೇಕು. ಹಿಂದಿನ ಹೆರಿಗೆ ಸಿಜೇರಿಯನ್ ಆಗಿದ್ದವಳಿಗೆ ಮಾತ್ರ ಈ ಆಯ್ಕೆಗಳು ಕಿರಿದು: ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಭಯದಿಂದ ಅವಳಿಗೆ ಮಿಸೊಪ್ರೊಸ್ಟಾಲ್ ಸಲ್ಲದು, ನೋವು ಬರಿಸುವುದೇ ಆದರೆ ಹಗಲೂ ರಾತ್ರಿಯೂ ಆಪರೇಷನ್ ಕೋಣೆ ತೆರೆದಿರುವ, ರಕ್ತ ಕೈಗೆ ಸಿಗುವ ಆಸ್ಪತ್ರೆಯಲ್ಲೇ ಆಗಬೇಕು.