ಮೈಸೂರು ಸ್ಯಾಂಡಲ್ ಸಾಬೂನು: ಬ್ರ್ಯಾಂಡಿನ ದೃಶ್ಯ ವಿನ್ಯಾಸ

ಕರ್ನಾಟಕ ಸರ್ಕಾರದ ಒಡೆತನದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆ ತಯಾರಿಸುವ ಶ್ರೀಗಂಧದೆಣ್ಣೆಯ ಸಾಬೂನು. ಭಾರತದಲ್ಲಿ ದೀರ್ಘಕಾಲ ಒಂದೇ ರೂಪ ಉಳಿಸಿಕೊಂಡು ಗುರುತು ಗಳಿಸಿದ ಬ್ರ್ಯಾಂಡುಗಳಲ್ಲಿ ಪ್ರಮುಖವಾದದ್ದು.

ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಬಂತು. ರಸಾಯನತಜ್ಞ ಎಸ್.ಜಿ. ಶಾಸ್ತ್ರಿ ಲಂಡನ್ನಿನಲ್ಲಿ ತರಬೇತಿ ಪಡೆದು ಬಂದು ಸಾಬೂನಿನ ಪರಿಮಳವನ್ನಷ್ಟೇ ಅಲ್ಲ, ಅದರ ಹೊರರೂಪವನ್ನೂ ರೂಪಿಸಿದರು.

ಲಾಂಛನವಾಗಿ ಆಯ್ದದ್ದು ಆನೆಯ ತಲೆ, ಸಿಂಹದ ಮೈಯುಳ್ಳ ಶರಭ. ಮೈಸೂರು ರಾಜಲಾಂಛನದಲ್ಲಿ ಗಂಡಭೇರುಂಡದ ಇಕ್ಕೆಲಗಳಲ್ಲಿ ನಿಂತ ಇದೇ ಪ್ರಾಣಿಯನ್ನು ಇಂದಿನ ರಾಜ್ಯಲಾಂಛನದಲ್ಲೂ ಕಾಣಬಹುದು. ಆದ್ದರಿಂದ ಈ ಗುರುತು ನಾಡಿಗೆ ಹೊಸದೇನೂ ಆಗಿರಲಿಲ್ಲ. ಆಗಿನ ಸಾಬೂನುಗಳು ಸಾಮಾನ್ಯವಾಗಿ ಆಯತಾಕಾರದಲ್ಲಿದ್ದಾಗ ಇದಕ್ಕೆ ಅಂಡಾಕಾರ ಕೊಡಲಾಯಿತು. ಒಡವೆಪೆಟ್ಟಿಗೆಯಂಥ ಡಬ್ಬಿ, ಮೇಲೆ ಹೂಬಳ್ಳಿಯ ಚಿತ್ತಾರ, ಬಿಲ್ಲೆಯ ಮೇಲೆ ಉಬ್ಬಚ್ಚಿನ ಶರಭ: ಅಂಗಡಿಯ ಹಲಗೆಯ ಮೇಲೆ ಹೆಸರು ಓದಲಾರದವರೂ ಇದನ್ನು ಗುರುತಿಸಬಲ್ಲರು. ಇದೇ ಈ ವಿನ್ಯಾಸದ ನಿಜವಾದ ಗೆಲುವು. ಟ್ರಾಮ್ ಟಿಕೆಟು, ಬೆಂಕಿಪೊಟ್ಟಣಗಳ ಮೇಲೂ ಜಾಹೀರಾತು ಮೂಡಿತು.

ನಂತರ ಅಗ್ಗದ ಹಾಗೂ ದುಬಾರಿ ಬಗೆಗಳು ಹಲವು ಬಂದವು. ಶರಭ ಮಾತ್ರ ಬದಲಾಗಲಿಲ್ಲ. ಸಾಬೂನಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.